ಹಿಮಕರಡಿ ಎದುರಾದರೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಉತ್ತರ ಧ್ರುವ ಪ್ರದೇಶದ ಹಿಮಕರಡಿ ಮನುಷ್ಯನಿಗೆ ಎಷ್ಟು ಅಪಾಯಕಾರಿ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಎಲ್ಲ ಕರಡಿಗಳಲ್ಲಿ ಹಿಮಕರಡಿಯೊಂದೇ ಮನುಷ್ಯನನ್ನು ಬೇಟೆಯೆಂದು ಹುಡುಕಿಕೊಂಡು ಬರುತ್ತದೆ ಎಂದು ಓದಿದ್ದೇನೆ. ನಿಜವೇ?

ಉತ್ತರ: ಹುಡುಕಿಕೊಂಡು ಬರುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಎದುರಿಗೆ ಸಿಕ್ಕಿದ್ದನ್ನು ತಿನ್ನಬಹುದೋ ಇಲ್ಲವೋ ಎಂದು ಹತ್ತಿರ ಬಂದು ಪರೀಕ್ಷಿಸುವ ಪ್ರಾಣಿ ಅದು ಎಂಬುದು ನಿಜ. ಕಂದು ಕರಡಿಯ ಊಟದಲ್ಲಿ ಹಣ್ಣು, ಬೇರು, ಹುಳು, ಮೀನು ಎಲ್ಲ ಇರುತ್ತದೆ. ಹಿಮಕರಡಿಯದು ಬಹುಮಟ್ಟಿಗೆ ಸೀಲ್‌ಗಳ ಕೊಬ್ಬು. ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಸೀಲ್ ಉಸಿರಿಗೆಂದು ತಲೆ ಎತ್ತುವ ತೂತಿನ ಪಕ್ಕ ಗಂಟೆಗಟ್ಟಲೆ ಕಾದು ಕೂರುವುದು ಅದರ ಕಸುಬು. ಆ ಬಿಳುಪಿನಲ್ಲಿ ಕದಲುವ ಕಪ್ಪು ಚುಕ್ಕೆಯೆಲ್ಲ ಅದಕ್ಕೆ ಊಟವಾಗಿರಬಹುದು. ತನ್ನನ್ನು ತಿನ್ನುವ ಇನ್ನೊಂದು ಪ್ರಾಣಿ ಅಲ್ಲಿ ಇಲ್ಲದ ಕಾರಣ, ಅಪರಿಚಿತವಾದದ್ದನ್ನು ಕಂಡು ಹಿಂಜರಿಯುವ ಅಭ್ಯಾಸವೂ ಕಡಿಮೆ.

ಲೆಕ್ಕ ನೋಡಿದರೆ ದಾಳಿಗಳು ವಿರಳ. ಹಿಮಕರಡಿ ಇರುವುದು ಕೆನಡಾ, ಗ್ರೀನ್‌ಲ್ಯಾಂಡ್, ನಾರ್ವೆ, ರಷ್ಯಾ ಮತ್ತು ಅಮೆರಿಕದ ಅಲಾಸ್ಕಾದಲ್ಲಿ. ಈ ಐದೂ ಕಡೆಯ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 1870ರಿಂದ 2014ರವರೆಗೆ ಖಚಿತಪಟ್ಟ ದಾಳಿಗಳು 73, ಸತ್ತವರು 20, ಗಾಯಗೊಂಡವರು 63. ಕಂದು ಕರಡಿಗಳು 2000ದಿಂದ 2015ರೊಳಗೇ ಜಗತ್ತಿನಾದ್ಯಂತ 664 ದಾಳಿ ಮಾಡಿವೆ. ಹಾಗೆಂದು ಹಿಮಕರಡಿ ಸಾಧು ಎಂದು ತೀರ್ಮಾನಿಸಬೇಡಿ. ಜಗತ್ತಿನಲ್ಲಿರುವ ಹಿಮಕರಡಿಗಳು ಸುಮಾರು 26,000. ಅವು ಓಡಾಡುವ ಜಾಗದಲ್ಲಿ ಜನವೇ ಇಲ್ಲ. ಹಳೆಯ ಕಾಲದ ಎಷ್ಟೋ ಘಟನೆಗಳು ದಾಖಲಾಗಿಯೂ ಇಲ್ಲ. ಅಂಕಿ ಚಿಕ್ಕದಾಗಿರುವುದಕ್ಕೆ ಮುಖ್ಯ ಕಾರಣ ಭೇಟಿಗಳು ಕಡಿಮೆ ಎಂಬುದು, ಕರಡಿ ಮೆದು ಎಂಬುದಲ್ಲ.

ಪ್ರಶ್ನೆ: ದೊಡ್ಡ ಗಂಡು ಕರಡಿ, ಮರಿಗಳಿರುವ ತಾಯಿ, ಬಡಕಲು ಕರಡಿ – ಯಾವುದಕ್ಕೆ ಹೆಚ್ಚು ಹೆದರಬೇಕು?

ಉತ್ತರ: ಬಡಕಲು ಕರಡಿಗೆ. ಮೇಲೆ ಹೇಳಿದ ಅಧ್ಯಯನದಲ್ಲಿ ಹೆಚ್ಚು ಅಪಾಯಕಾರಿಯಾಗಿ ಕಂಡದ್ದು ಹೊಟ್ಟೆಗಿಲ್ಲದೆ ಸೊರಗಿದ ವಯಸ್ಕ ಗಂಡು ಕರಡಿಗಳು. ಹೆಣ್ಣು ಕರಡಿಗಳ ದಾಳಿ ಅಪರೂಪ. ನಡೆದವುಗಳಲ್ಲಿ ಹೆಚ್ಚಿನವು ಮರಿಗಳನ್ನು ಕಾಯುವುದಕ್ಕೆ. ಚೆನ್ನಾಗಿ ತಿಂದ ಹಿಮಕರಡಿಯ ಹಿಂಭಾಗ ಅಗಲವಾಗಿ ದುಂಡಗಿರುತ್ತದೆ, ನಡೆಯುವಾಗ ಹೊಟ್ಟೆ ತೂಗುತ್ತದೆ. ಸೊರಗಿದ್ದರಲ್ಲಿ ಸೊಂಟದ ಮೂಳೆ ಎದ್ದು ಕಾಣುತ್ತದೆ, ಕುತ್ತಿಗೆ ಇರುವುದಕ್ಕಿಂತ ಉದ್ದವೆನಿಸುತ್ತದೆ. ದುರ್ಬೀನಿನಲ್ಲಿ ದೂರದಿಂದಲೇ ಇದನ್ನು ಗಮನಿಸಬಹುದು.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಫಾನ್ ಪೋಸ್ಟ್ ಹಿಮನದಿಯ ಬಳಿ 2011ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಿದ್ಯಾರ್ಥಿಗಳ ಶಿಬಿರಕ್ಕೆ ನುಗ್ಗಿ ಒಬ್ಬ ಹುಡುಗನನ್ನು ಕೊಂದು ನಾಲ್ವರನ್ನು ಗಾಯಗೊಳಿಸಿದ ಗಂಡು ಕರಡಿ ಮುದಿಯಾಗಿತ್ತು, ಸೊರಗಿತ್ತು, ಅದರ ಹಲ್ಲುಗಳು ಹಾಳಾಗಿದ್ದವು. ಸೀಲ್ ಹಿಡಿಯಲಾಗದ ಕರಡಿ ಡೇರೆಯೊಳಗೆ ಮಲಗಿದವರನ್ನು ಹಿಡಿಯಿತು. ಇದಕ್ಕೆ ತದ್ವಿರುದ್ಧ ವಯಸ್ಸಿನದು 2020ರ ಆಗಸ್ಟ್‌ನಲ್ಲಿ ಅಲ್ಲಿಯೇ ಲಾಂಗ್‌ಯೀರ್‌ಬೀನ್ ಪಟ್ಟಣದ ಶಿಬಿರ ಮೈದಾನದಲ್ಲಿ ಒಬ್ಬರನ್ನು ಕೊಂದದ್ದು: ಮೂರು ವರ್ಷದ ಗಂಡು. ತಾಯಿಯನ್ನು ಬಿಟ್ಟು ಹೊಸದಾಗಿ ಒಂಟಿಯಾದ ಇಂಥ ಎಳೆಯ ಕರಡಿಗಳಿಗೆ ಬೇಟೆ ಇನ್ನೂ ಸರಿಯಾಗಿ ಕೈಹತ್ತಿರುವುದಿಲ್ಲ, ಹಿಡಿದ ಸೀಲನ್ನು ದೊಡ್ಡ ಗಂಡುಗಳು ಕಿತ್ತುಕೊಳ್ಳುತ್ತವೆ. ಹಸಿವು ಜಾಸ್ತಿ, ಅನುಭವ ಕಡಿಮೆ.

ಕಾಲವನ್ನೂ ಗಮನಿಸಬೇಕು. ಇತ್ತೀಚಿನ ದಾಳಿಗಳಲ್ಲಿ ಹೆಚ್ಚಿನವು ಜುಲೈನಿಂದ ಡಿಸೆಂಬರ್ ಒಳಗೆ, ಸಮುದ್ರದ ಹಿಮ ಕರಗಿ ಕರಡಿಗಳು ದಡದಲ್ಲಿ ಉಪವಾಸವಿರುವಾಗ ನಡೆದಿವೆ. ಆದರೆ ಅಲಾಸ್ಕಾದ ವೇಲ್ಸ್ ಹಳ್ಳಿಯಲ್ಲಿ ಶಾಲೆಯ ಹತ್ತಿರ ಒಬ್ಬ ತಾಯಿ ಮತ್ತು ಒಂದು ವರ್ಷದ ಮಗು ಸತ್ತದ್ದು 2023ರ ಜನವರಿಯಲ್ಲಿ, ನಡು ಚಳಿಗಾಲದಲ್ಲಿ. ಆದ್ದರಿಂದ ‘ಈಗ ಕರಡಿಯ ಕಾಲ ಅಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಪ್ರಶ್ನೆ: ಕರಡಿ ಎದುರಾದರೆ ಸತ್ತಂತೆ ಬಿದ್ದುಕೊಳ್ಳಬೇಕು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಹಿಮಕರಡಿಗೂ ಇದು ನಡೆಯುತ್ತದೆಯೇ?

ಉತ್ತರ: ಇಲ್ಲ. ಈ ಸಲಹೆ ಬಂದದ್ದು ಬೇರೆ ಕರಡಿಗಾಗಿ. ಗಾಬರಿಯಿಂದ, ಮರಿಗಳ ರಕ್ಷಣೆಗಾಗಿ ಮೈಮೇಲೆ ಬಿದ್ದ ಕಂದು ಕರಡಿಗೆ ‘ಇವನಿಂದ ನನಗೆ ತೊಂದರೆಯಿಲ್ಲ’ ಎಂದು ತಿಳಿಸುವುದಕ್ಕೆ ಅದು. ಹಸಿದು ಬಂದ ಹಿಮಕರಡಿಯ ಮುಂದೆ ಹಾಗೆ ಮಲಗಿದರೆ ಅದರ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗೆ. ಓಡುವುದೂ ಅಷ್ಟೇ ತಪ್ಪು: ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಸ್ವಭಾವ, ಸ್ವಲ್ಪ ದೂರದವರೆಗೆ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಓಡಬಲ್ಲದು.

ಹಾಗಾದರೆ ಏನು ಮಾಡಬೇಕು? ಅದು ಕರಡಿ ನಿಮ್ಮನ್ನು ಗಮನಿಸಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಗಮನಿಸಿಲ್ಲವಾದರೆ ಗದ್ದಲ ಬೇಡ. ಎಲ್ಲರೂ ಒಟ್ಟಾಗಿ, ಕರಡಿಯಿಂದ ಕಣ್ಣು ತೆಗೆಯದೆ, ಬಂದ ದಾರಿಯಲ್ಲಿ ಹಿಂದೆ ಸರಿಯಿರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಗಾಳಿ ಕರಡಿಯ ಕಡೆಯಿಂದ ನಿಮ್ಮ ಕಡೆಗೆ ಬರುವಂತಿರಬೇಕು, ಆಗ ನಿಮ್ಮ ವಾಸನೆ ಅದಕ್ಕೆ ಹೋಗುವುದಿಲ್ಲ. ಫೋಟೋ ಆಮೇಲೆ, ಮೊದಲು ವಾಹನ ಅಥವಾ ಕಟ್ಟಡ ಸೇರಿಕೊಳ್ಳಿ.

ಗಮನಿಸಿದ್ದರೆ ಗಾಳಿಯ ಲೆಕ್ಕ ತಿರುಗುಮುರುಗಾಗುತ್ತದೆ. ಈಗ ನೀವು ಮನುಷ್ಯರು, ಸೀಲ್ ಅಲ್ಲ ಎಂಬುದು ಅದಕ್ಕೆ ತಿಳಿಯಬೇಕು. ಗುಂಪಾಗಿ ನಿಂತು ತಲೆಯ ಮೇಲೆ ಕೈ ಬೀಸಿ, ತಗ್ಗಿದ ದನಿಯಲ್ಲಿ ಮಾತಾಡಿ. ನಿಮ್ಮ ವಾಸನೆ ಅದರ ಮೂಗಿಗೆ ಹೋಗುವಂಥ ಕಡೆಗೆ ನಿಧಾನವಾಗಿ ಜರುಗಿ. ಅದಕ್ಕೆ ಹೊರಟುಹೋಗಲು ದಾರಿ ಬಿಡಿ. ನೀರು ಮತ್ತು ಗುಂಪಿನ ನಡುವೆ ಸಿಕ್ಕಿಬಿದ್ದ ಕರಡಿ ಗುಂಪಿನ ಮೇಲೆಯೇ ಬರಬಹುದು.

ಅಲ್ಲಿಂದ ಮುಂದೆ ಅದರ ವರ್ತನೆ ಓದಬೇಕು. ಕುತೂಹಲದ ಕರಡಿ ನಿಧಾನ ನಡೆಯುತ್ತದೆ, ಆಗಾಗ ನಿಲ್ಲುತ್ತದೆ, ಹಿಂಗಾಲ ಮೇಲೆ ಎದ್ದು ಮೂಗೆತ್ತಿ ಗಾಳಿ ಹಿಡಿಯುತ್ತದೆ, ತಲೆಯನ್ನು ಅತ್ತಿತ್ತ ಆಡಿಸುತ್ತದೆ. ಎದ್ದು ನಿಂತದ್ದನ್ನು ದಾಳಿಯ ಸೂಚನೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ಇಣುಕಿ ನೋಡುವುದಷ್ಟೇ. ಸುತ್ತು ಹಾಕಿ ವಾಸನೆ ಸಿಗುವ ಬದಿಯಿಂದ ಹಿಂದಿನಿಂದ ಬರಲೂಬಹುದು. ಸಿಟ್ಟಾದ ಕರಡಿ ಬುಸುಗುಟ್ಟುತ್ತದೆ, ದವಡೆ ಕಟಕಟಿಸುತ್ತದೆ, ಕಾಲು ನೆಲಕ್ಕೆ ಬಡಿಯುತ್ತದೆ, ತಲೆ ತಗ್ಗಿಸಿ ಕಿವಿ ಹಿಂದಕ್ಕೆ ಒತ್ತಿಕೊಂಡು ದಿಟ್ಟಿಸುತ್ತದೆ. ನೀವು ತೀರಾ ಹತ್ತಿರ ಬಂದಿದ್ದೀರಿ ಎಂಬುದಕ್ಕೆ ಅದು ಗುರುತು. ನಿಧಾನವಾಗಿ ದೂರ ಸರಿಯಿರಿ, ಕೂಗಿ ರೇಗಿಸಬೇಡಿ.

ಮೂರನೆಯ ಬಗೆಯದೇ ನಿಜವಾದ ಅಪಾಯ, ಅದರಲ್ಲಿ ಇಂಥ ನಾಟಕ ಯಾವುದೂ ಇರುವುದಿಲ್ಲ. ಸದ್ದಿಲ್ಲದೆ, ಅಳುಕಿಲ್ಲದೆ ನೇರ ನಿಮ್ಮ ಕಡೆಗೇ ನಡೆದು ಬರುತ್ತದೆ, ಇಲ್ಲವೇ ಹಿಂಬಾಲಿಸುತ್ತದೆ, ಸುತ್ತುತ್ತದೆ, ಹೋದದ್ದು ಮತ್ತೆ ಬರುತ್ತದೆ. ಬೇಟೆಗೆ ಬಂದ ಕರಡಿ ಅದು. ಆಗ ಗುಂಪು ಒತ್ತಾಗಿ ನಿಂತು, ಜೋರಾಗಿ ಕೂಗಿ, ಪಾತ್ರೆ ಬಡಿದು, ಇರುವ ಸಾಧನಗಳನ್ನೆಲ್ಲ ತಡಮಾಡದೆ ಬಳಸಬೇಕು. ಮೈಮೇಲೆ ಬಂದರೆ ಕಲ್ಲು, ಕೋಲು, ಸಲಿಕೆ, ಚಾಕು – ಏನು ಸಿಕ್ಕಿದರೂ ಹಿಡಿದು ಮೂಗು, ಕಣ್ಣುಗಳಿಗೆ ಹೊಡೆದು ಹೋರಾಡಬೇಕು. ಕೆನಡಾದ ಚರ್ಚಿಲ್ ಪಟ್ಟಣದಲ್ಲಿ 2013ರಲ್ಲಿ ಮಹಿಳೆಯೊಬ್ಬರ ಮೇಲೆ ಬಿದ್ದ ಕರಡಿಯನ್ನು ನೆರೆಯವರೊಬ್ಬರು ಸಲಿಕೆಯಿಂದ ಹೊಡೆದರು. ಇಬ್ಬರಿಗೂ ತೀವ್ರ ಗಾಯಗಳಾದವು, ಇಬ್ಬರೂ ಬದುಕಿದರು.

ಪ್ರಶ್ನೆ: ಪೆಪ್ಪರ್ ಸ್ಪ್ರೇ, ಬಂದೂಕು, ಬೆಳಕಿನ ಪಿಸ್ತೂಲು – ಯಾವುದು ಉತ್ತಮ?

ಉತ್ತರ: ಇವು ಒಂದಕ್ಕೊಂದು ಬದಲಿಯಲ್ಲ, ಬೇರೆ ಬೇರೆ ದೂರಕ್ಕೆ ಬೇರೆ ಬೇರೆ ಸಾಧನ.

ಬೆಳಕಿನ ಪಿಸ್ತೂಲು, ಅಂದರೆ ಫ್ಲೇರ್ ಗನ್ ಮತ್ತು ಸದ್ದು ಮಾಡುವ ಪಟಾಕಿ ತೋಟಾ, ಕರಡಿ ಇನ್ನೂ ದೂರ ಇರುವಾಗಿನ ಸಾಧನ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ತೋಟಾ ಕರಡಿಯನ್ನು ದಾಟಿ ಅದರ ಬೆನ್ನ ಹಿಂದೆ ಹೋಗಿ ಸಿಡಿದರೆ ಅದು ಬೆದರಿ ಓಡುವುದು ನಿಮ್ಮ ಕಡೆಗೇ. ಸದ್ದು, ಬೆಳಕು ನಿಮಗೂ ಅದಕ್ಕೂ ನಡುವೆ, ಅದರ ಮುಂದೆ ಬೀಳಬೇಕು. ಆದ್ದರಿಂದ ಈ ತೋಟಾಗಳು ಎಷ್ಟು ದೂರದಲ್ಲಿ ಸಿಡಿಯುತ್ತವೆ ಎಂದು ಹೊರಡುವ ಮೊದಲೇ ಒಂದೆರಡು ಹಾರಿಸಿ ತಿಳಿದುಕೊಂಡಿರಬೇಕು.

ಪೆಪ್ಪರ್ ಸ್ಪ್ರೇ ತೀರಾ ಹತ್ತಿರದ ಸಾಧನ. ಮೆಣಸಿನ ಖಾರದ ಅಂಶ ಶೇ 1ರಿಂದ 2ರಷ್ಟಿರುವ ಡಬ್ಬಿ ಐದರಿಂದ ಒಂಬತ್ತು ಮೀಟರ್ ದೂರ ಚಿಮ್ಮುತ್ತದೆ, ಒತ್ತಿ ಹಿಡಿದರೆ ಏಳೆಂಟು ಸೆಕೆಂಡಿನಲ್ಲಿ ಖಾಲಿ. 1985ರಿಂದ 2006ರ ನಡುವೆ ಅಲಾಸ್ಕಾದಲ್ಲಿ ನಡೆದ ಘಟನೆಗಳನ್ನು ಪರಿಶೀಲಿಸಿದಾಗ ಕಂದು ಕರಡಿಗಳ ವಿಷಯದಲ್ಲಿ ಅದು ಶೇ 92ರಷ್ಟು ಸಲ ಕೆಲಸ ಮಾಡಿತ್ತು. ಹಿಮಕರಡಿಯ ಘಟನೆಗಳು ಎರಡೇ ಇದ್ದವು. ಎರಡರಲ್ಲೂ ಫಲಿಸಿತು, ಆದರೆ ಎರಡರಿಂದ ನಿಯಮ ಮಾಡಲಾಗದು. ಚಳಿಯಲ್ಲಿ ಡಬ್ಬಿಯೊಳಗಿನ ಒತ್ತಡ ಇಳಿದು ಚಿಮ್ಮುವ ದೂರ ಕಡಿಮೆಯಾಗುತ್ತದೆ, ಹಾಗಾಗಿ ಜಾಕೆಟ್‌ನೊಳಗೆ ಮೈಶಾಖಕ್ಕೆ ತಾಗಿಸಿ ಇಟ್ಟುಕೊಳ್ಳಬೇಕು, ಚೀಲದ ತಳದಲ್ಲಲ್ಲ. ಎದುರುಗಾಳಿಯಿದ್ದರೆ ಖಾರ ನಿಮ್ಮ ಕಣ್ಣಿಗೇ. ಸೊಳ್ಳೆ ಔಷಧಿಯ ಹಾಗೆ ಡೇರೆಗೆ ಮುಂಚೆಯೇ ಸಿಂಪಡಿಸುವವರಿದ್ದಾರೆ, ಹಾಗೆ ಮಾಡಬೇಡಿ. ಒಣಗಿದ ಮೇಲೆ ಉಳಿಯುವ ವಾಸನೆ ಕರಡಿಯನ್ನು ಕರೆಯುತ್ತದೆ. ವಿಮಾನದಲ್ಲಿ ಈ ಡಬ್ಬಿಯನ್ನು ಒಯ್ಯಲು ಬಿಡುವುದಿಲ್ಲ. ನಾರ್ವೆಯ ಕಾನೂನಿನಲ್ಲಿ ಪೆಪ್ಪರ್ ಸ್ಪ್ರೇ ನಿಷಿದ್ಧ, ಸ್ವಾಲ್ಬಾರ್ಡ್‌ಗೂ ಅದು ಅನ್ವಯಿಸುತ್ತದೆ.

ಬಂದೂಕು ಕೊನೆಯ ಸಾಧನ. ಸ್ವಾಲ್ಬಾರ್ಡ್‌ನಲ್ಲಿ ಪಾಯಿಂಟ್ 308 ವಿಂಚೆಸ್ಟರ್ ಅಥವಾ 30-06 ತೋಟಾದ, ಬೋಲ್ಟ್ ಎಳೆದು ಹಾರಿಸುವ ರೈಫಲ್ ಸಾಮಾನ್ಯ. ತಾನಾಗಿ ತೋಟಾ ತುಂಬಿಕೊಳ್ಳುವ ಬಂದೂಕುಗಳ ಯಂತ್ರ ಚಳಿಗೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ರೈಫಲ್ ಕೂಡ ಸುಮ್ಮನೆ ಕೆಲಸ ಮಾಡುವುದಿಲ್ಲ. ಒಳಗಿನ ಎಣ್ಣೆ ಚಳಿಯಲ್ಲಿ ಅಂಟಾಗಿ ಹೊಡೆಯುವ ಮೊಳೆಯನ್ನು ತಡೆಯುತ್ತದೆ, ಆದ್ದರಿಂದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದಿರಬೇಕು. ಬೆಚ್ಚಗಿನ ಕೋಣೆಗೆ ತಂದರೆ ಕಬ್ಬಿಣದ ಮೇಲೆ ನೀರಾಡುತ್ತದೆ, ಮತ್ತೆ ಹೊರಗೆ ಒಯ್ದರೆ ಆ ನೀರು ಯಂತ್ರದೊಳಗೇ ಗಡ್ಡೆ ಕಟ್ಟುತ್ತದೆ. ಚಳಿಯಲ್ಲಿದ್ದದ್ದು ಚಳಿಯಲ್ಲೇ ಇರಲಿ. ನಡೆಯುವಾಗ ತೋಟಾಗಳು ಮ್ಯಾಗಜೀನಿನಲ್ಲಿ ಮಾತ್ರ, ನಳಿಕೆಯ ಬುಡ ಖಾಲಿ. ಹೊಡೆಯಲೇಬೇಕಾಗಿ ಬಂದರೆ ಗುರಿ ಎದೆ ಮತ್ತು ಭುಜದ ಭಾಗ. ತಲೆ ಸದಾ ಅಲುಗುತ್ತದೆ, ಬುರುಡೆ ಇಳಿಜಾರಾಗಿದೆ. ಬಿದ್ದ ಮೇಲೂ ಅಲುಗಾಟ ನಿಲ್ಲುವವರೆಗೆ ಹತ್ತಿರ ಹೋಗಬಾರದು.

2011ರ ಘಟನೆಯಲ್ಲಿ ಕರಡಿಯನ್ನು ಕೊನೆಗೆ ಕೊಂದ ರೈಫಲ್ ಮೊದಲ ಹಲವು ಯತ್ನಗಳಲ್ಲಿ ಹಾರಲೇ ಇಲ್ಲ. ಕೈಗೆ ಅಭ್ಯಾಸವಿಲ್ಲದ ಆಯುಧ ಜೊತೆಗಿದ್ದರೆ ಧೈರ್ಯ ಬರುತ್ತದೆ, ರಕ್ಷಣೆ ಬರುವುದಿಲ್ಲ. ಬಂದೂಕು ಹಿಡಿದೇ ಇರದವರು ಅದನ್ನು ಬಾಡಿಗೆಗೆ ತರುವುದಕ್ಕಿಂತ ಪಳಗಿದ ಮಾರ್ಗದರ್ಶಿಯ ಜೊತೆ ಹೋಗುವುದು ಒಳ್ಳೆಯದೆಂದು ನಾವು ಹೇಳುತ್ತೇವೆ.

ಪ್ರಶ್ನೆ: ಧ್ರುವ ಪ್ರದೇಶದಲ್ಲಿ ಡೇರೆ ಹಾಕುವವರು ರಾತ್ರಿ ಹೇಗೆ ಮಲಗುತ್ತಾರೆ?

ಉತ್ತರ: ಸರದಿಯಲ್ಲಿ. ಒಬ್ಬರು ಎಚ್ಚರವಿರುವುದು ಎಲ್ಲ ಸಾಧನಗಳಿಗಿಂತ ಮೇಲು, ಮತ್ತು ದಣಿದ ದಿನ ಮೊದಲು ಕೈಬಿಟ್ಟುಹೋಗುವುದೂ ಅದೇ.

ಜಾಗದ ಆಯ್ಕೆಯಲ್ಲಿ ಅರ್ಧ ಗೆದ್ದ ಹಾಗೆ. ಹಿಮಕರಡಿ ಸಮುದ್ರದ ಅಂಚು ಹಿಡಿದು ನಡೆಯುತ್ತದೆ. ಮರಳದಂಡೆ, ನೀರಿಗೆ ಚಾಚಿದ ನೆಲದ ಮೂತಿ, ಚಿಕ್ಕ ದ್ವೀಪ, ಕಿರಿದಾದ ಕಣಿವೆಯ ತಳ ಇವೆಲ್ಲ ಅದರ ದಾರಿಗಳು. ಹಾಗಾಗಿ ದಡದಿಂದ ಒಳಕ್ಕೆ, ಸುತ್ತ ದೂರದವರೆಗೆ ಬಯಲಾಗಿ ಕಾಣುವಲ್ಲಿ ಡೇರೆ ಹಾಕಬೇಕು. ದೊಡ್ಡ ಬಂಡೆ, ಹಿಮದ ದಿಬ್ಬ ಗಾಳಿಗೆ ಮರೆಯೆಂದು ಚೆಂದ ಕಾಣುತ್ತವೆ, ಆದರೆ ಕರಡಿಗೂ ಅವೇ ಮರೆ. ಡೇರೆಗಳನ್ನು ವೃತ್ತಾಕಾರದಲ್ಲಿ ಹಾಕದೆ ಒಂದೇ ಸಾಲಿನಲ್ಲಿ, ನಡುವೆ ಕನಿಷ್ಠ 5 ಮೀಟರ್ ಬಿಟ್ಟು ಹಾಕಬೇಕೆಂದು ಕೆನಡಾದ ರಾಷ್ಟ್ರೀಯ ಉದ್ಯಾನಗಳ ಸಲಹೆ. ವೃತ್ತದ ನಡುವೆ ಬಂದುಬಿಟ್ಟ ಕರಡಿಗೆ ತನ್ನನ್ನು ಸುತ್ತುವರಿದರು ಎನಿಸುತ್ತದೆ, ಸಾಲಾದರೆ ಅದು ನುಸುಳಿ ಹೊರಟುಹೋಗಬಹುದು. ಅಡುಗೆ ಮತ್ತು ಆಹಾರದ ಜಾಗ ಡೇರೆಯಿಂದ ಕನಿಷ್ಠ 50 ಮೀಟರ್ ದೂರ, ಆದರೆ ಡೇರೆಯಿಂದ ಕಣ್ಣಿಗೆ ಬೀಳುವಂತಿರಬೇಕು. ಟೂತ್‌ಪೇಸ್ಟ್, ಸಾಬೂನು, ಎಣ್ಣೆ ತಾಗಿದ ಬಟ್ಟೆ, ಕಸ ಇವೂ ಆಹಾರದ ಲೆಕ್ಕಕ್ಕೇ ಸೇರಿದವು.

ಡೇರೆಗಳ ಸುತ್ತ ಗೂಟ ನೆಟ್ಟು ತಂತಿ ಎಳೆದು, ತಾಗಿದರೆ ಸಿಡಿಯುವ ತೋಟಾ ಕಟ್ಟುವುದುಂಟು. ಕೆಲವರು ಬ್ಯಾಟರಿಯ ವಿದ್ಯುತ್ ಬೇಲಿ ಬಳಸುತ್ತಾರೆ. ತಂತಿ ತೀರಾ ಕೆಳಗಿದ್ದರೆ ನರಿ ತಾಗಿಸುತ್ತದೆ, ಹಿಮ ಮುಚ್ಚುತ್ತದೆ. ಮೇಲಿದ್ದರೆ ಎಳೆಯ ಕರಡಿ ಅಡಿಯಿಂದ ನುಸುಳುತ್ತದೆ. ಸಡಿಲವಾದರೆ ತಳ್ಳಿದರೂ ಸಿಡಿಯದು, ಬಿಗಿಯಾದರೆ ಗಾಳಿಗೇ ಸಿಡಿಯುತ್ತದೆ. ಎರಡು ಸಲ ಸುಳ್ಳು ಸದ್ದಾದ ಮೇಲೆ ನಿದ್ದೆಗಣ್ಣಿನಲ್ಲಿ ಯಾರೋ ಅದನ್ನು ಕಳಚಿಡುತ್ತಾರೆ. ಪ್ರತಿ ಸಂಜೆ ಎಲ್ಲ ಬದಿಯನ್ನೂ ಪರೀಕ್ಷಿಸಬೇಕು. ಫಾನ್ ಪೋಸ್ಟ್ ಶಿಬಿರದಲ್ಲಿ ತಂತಿ ಇತ್ತು, ಆದರೆ ಕರಡಿ ಬಂದಾಗ ಸಿಡಿಯಲಿಲ್ಲ. ಅದರ ಕೆಲವು ಬಿಡಿಭಾಗಗಳಿಲ್ಲದೆ ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ಬದಲಿಗೆ ಬಳಸಿದ್ದು ಆಮೇಲಿನ ವಿಚಾರಣೆಯಲ್ಲಿ ಹೊರಬಂತು. ರಾತ್ರಿ ಕಾವಲಿಗೂ ಯಾರೂ ಇರಲಿಲ್ಲ.

ಪ್ರಶ್ನೆ: ಮರ ಹತ್ತಿ ಅಥವಾ ನೀರಿಗೆ ಧುಮುಕಿ ತಪ್ಪಿಸಿಕೊಳ್ಳಬಹುದೇ?

ಉತ್ತರ: ಅದು ಇರುವ ಬಹುತೇಕ ಕಡೆ ಹತ್ತಲು ಮರವಿಲ್ಲ. ನೀರಿನಲ್ಲಿ ಅದು ನಿಮಗಿಂತ ಚೆನ್ನಾಗಿ ಈಜುತ್ತದೆ, ಅದೂ ಅಲ್ಲದೆ ಅಲ್ಲಿನ ನೀರಿನ ಚಳಿಯೇ ನಿಮ್ಮನ್ನು ಮೊದಲು ಮುಗಿಸುತ್ತದೆ. ಎರಡೂ ಬೇಡ.

ಪ್ರಶ್ನೆ: ಆತ್ಮರಕ್ಷಣೆಗೆ ಹಿಮಕರಡಿಯನ್ನು ಕೊಂದರೆ ಶಿಕ್ಷೆಯಾಗುತ್ತದೆಯೇ?

ಉತ್ತರ: ಹಿಮಕರಡಿ ಇರುವ ಐದು ದೇಶಗಳು 1973ರಲ್ಲಿ ಓಸ್ಲೋದಲ್ಲಿ ಸಹಿ ಹಾಕಿದ ಒಪ್ಪಂದದ ನಂತರ ಅದಕ್ಕೆ ವ್ಯಾಪಕ ರಕ್ಷಣೆಯಿದೆ. ಸ್ವಾಲ್ಬಾರ್ಡ್‌ನ ಮಾತು ಹೇಳುವುದಾದರೆ, ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೊಂದರೆ ಅಪರಾಧವಲ್ಲ, ಆದರೆ ಕೊಂದ ಪ್ರತಿಯೊಂದು ಕರಡಿಯ ಬಗ್ಗೆಯೂ ಗವರ್ನರ್ ಕಚೇರಿ ತನಿಖೆ ಮಾಡುತ್ತದೆ. ಕೂಡಲೇ ತಿಳಿಸಬೇಕು, ಸ್ಥಳದಲ್ಲಿ ಏನನ್ನೂ ಕದಲಿಸಬಾರದು. ಮೊದಲು ಬೆದರಿಸಲು ಏನೇನು ಮಾಡಿದಿರಿ, ಎಷ್ಟು ದೂರದಲ್ಲಿ ಹೊಡೆದಿರಿ, ಆಹಾರ ಹೊರಗೆ ಬಿಟ್ಟಿದ್ದಿರಾ ಎಂದೆಲ್ಲ ಕೇಳುತ್ತಾರೆ. ನಿಮ್ಮ ಅಜಾಗ್ರತೆಯಿಂದ ಕರಡಿ ಸತ್ತಿತು ಎಂದಾದರೆ ದಂಡ ಬೀಳುತ್ತದೆ.

ಊರಿನ ಹೊರಗೆ ಹೋಗುವವರು ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಒಯ್ಯುವುದು ಅಲ್ಲಿ ಕಡ್ಡಾಯ. ಬೆನ್ನಟ್ಟುವುದು, ಆಮಿಷ ಒಡ್ಡುವುದು, ತಿನ್ನಿಸುವುದು ಅಪರಾಧ. 2025ರ ಜನವರಿ 1ರಿಂದ ಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಹತ್ತಿರದ ಚಿತ್ರದ ಆಸೆಯಿದ್ದವರು ದೊಡ್ಡ ಲೆನ್ಸ್ ಕೊಳ್ಳಲಿ. ಲಾಂಗ್‌ಯೀರ್‌ಬೀನ್‌ನ ಅಂಚಿನಲ್ಲಿ ಕರಡಿಯ ಚಿತ್ರವಿರುವ ಪ್ರಸಿದ್ಧ ಎಚ್ಚರಿಕೆ ಫಲಕದ ಬರಹದ ಅರ್ಥ ‘ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ’ ಎಂದು. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ; ಫಲಕದ ಈಚೆಗೂ ಅದು ಅನ್ವಯ ಎಂಬುದು 2020ರಲ್ಲಿ ಗೊತ್ತಾಯಿತು.

ಪ್ರಶ್ನೆ: ಕೆನಡಾದಲ್ಲಿ ಕರಡಿಗಳಿಗೆ ಜೈಲು ಇದೆಯಂತೆ. ತಮಾಷೆಯೇ?

ಉತ್ತರ: ತಮಾಷೆಯಲ್ಲ. ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್ ಊರಿನಲ್ಲಿ ಸಾವಿರಕ್ಕಿಂತ ಕಡಿಮೆ ಜನ. ಬೇಸಿಗೆಯೆಲ್ಲ ದಡದಲ್ಲಿ ಉಪವಾಸವಿದ್ದ ಕರಡಿಗಳು ಅಕ್ಟೋಬರ್, ನವೆಂಬರ್‌ನಲ್ಲಿ ಕೊಲ್ಲಿ ಹೆಪ್ಪುಗಟ್ಟುವುದನ್ನು ಕಾಯುತ್ತ ಊರ ಸುತ್ತ ಸುಳಿಯುತ್ತವೆ. ಊರಿಗೆ ಬಂದ ಕರಡಿಯನ್ನು ಮೊದಲು ಪಟಾಕಿ ತೋಟಾ, ವಾಹನಗಳಿಂದ ಅಟ್ಟುತ್ತಾರೆ. ಮತ್ತೆ ಮತ್ತೆ ಬರುವುದನ್ನು ಬೋನಿನಲ್ಲಿ ಹಿಡಿದು 28 ಕೋಣೆಗಳ ಕಟ್ಟಡವೊಂದರಲ್ಲಿ ಇಡುತ್ತಾರೆ. ನೀರು ಕೊಡುತ್ತಾರೆ, ಊಟ ಕೊಡುವುದಿಲ್ಲ. ಇದು ಕ್ರೌರ್ಯವೆಂದು ಕೆಲವರಿಗೆ ಅನಿಸುತ್ತದೆ, ಆದರೆ ಆ ತಿಂಗಳುಗಳಲ್ಲಿ ಅದು ಹೊರಗಿದ್ದರೂ ಉಪವಾಸವೇ. ಅನ್ನ ಸಿಕ್ಕಿತೆಂದರೆ ಮರುವರ್ಷ ನೇರ ಇಲ್ಲಿಗೇ ಬರುತ್ತದೆ. ಸುಮಾರು 30 ದಿನದೊಳಗೆ, ಇಲ್ಲವೇ ಕೊಲ್ಲಿ ಗಟ್ಟಿಯಾದಾಗ, ಅರಿವಳಿಕೆ ಕೊಟ್ಟು ಹೆಲಿಕಾಪ್ಟರ್‌ನಲ್ಲಿ ಬಲೆ ಕಟ್ಟಿ ಉತ್ತರಕ್ಕೆ ಒಯ್ದು ಬಿಡುತ್ತಾರೆ.

ಊರಿನವರು ಕಾರಿನ ಬಾಗಿಲಿಗೆ ಬೀಗ ಹಾಕದಿರುವುದೂ ಉಂಟು, ಬೀದಿಯಲ್ಲಿ ಕರಡಿ ಎದುರಾದವರು ಒಳಗೆ ನುಗ್ಗಲಿ ಎಂದು. ಬಯಲು ಕಸದ ತಿಪ್ಪೆಯನ್ನು 2005ರಲ್ಲಿ ಮುಚ್ಚಿದರು, ಅದಕ್ಕೂ ಈ ವ್ಯವಸ್ಥೆಯಲ್ಲಿ ದೊಡ್ಡ ಪಾಲಿದೆ. ಅಲ್ಲಿ ಕರಡಿಯಿಂದ ಕೊನೆಯ ಸಾವು 1983ರಲ್ಲಿ. ಸುಟ್ಟುಹೋದ ಹೋಟೆಲೊಂದರಿಂದ ತೆಗೆದ ಮಾಂಸ ಆ ಮನುಷ್ಯನ ಜೇಬಿನಲ್ಲಿತ್ತು.

ಪ್ರಶ್ನೆ: ಹಿಮ ಕರಗುತ್ತಿರುವುದರಿಂದ ದಾಳಿಗಳು ಹೆಚ್ಚುತ್ತಿವೆಯೇ?

ಉತ್ತರ: ಭೇಟಿಗಳು ಹೆಚ್ಚುತ್ತಿವೆ, ಅದರ ಹಿಂದೆ ದಾಳಿಗಳೂ. 2010ರಿಂದ 2014ರ ಐದು ವರ್ಷಗಳಲ್ಲೇ 15 ದಾಳಿಗಳು ದಾಖಲಾದವು, ಅದಕ್ಕೆ ಮುಂಚಿನ ಯಾವ ಐದು ವರ್ಷದಲ್ಲೂ ಅಷ್ಟಿಲ್ಲ. ಅವು ಬೇಸಿಗೆಯ ಹಿಮ ತೀರಾ ಕಡಿಮೆಯಿದ್ದ ವರ್ಷಗಳು. ದಡದಲ್ಲಿರುವ ದಿನಗಳು ಹೆಚ್ಚಿದಷ್ಟೂ ಮೈಯ ಕೊಬ್ಬು ಕರಗುತ್ತದೆ. ಉಪವಾಸದಲ್ಲಿ ಕರಡಿ ದಿನಕ್ಕೆ ಸುಮಾರು ಒಂದು ಕಿಲೋ ಇಳಿಯುತ್ತದೆ. ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ 2016ರಲ್ಲಿ 842 ಎಂದು ಅಂದಾಜಿಸಿದ್ದ ಕರಡಿಗಳು 2021ಕ್ಕೆ 618. ಕರಡಿ ಕಡಿಮೆಯಾದರೆ ಅಪಾಯ ಕಡಿಮೆ ಎಂದುಕೊಳ್ಳುವುದು ಸಹಜ, ಆದರೆ ಉಳಿದವು ಸೊರಗಿ ಊರ ಹತ್ತಿರವೇ ಇದ್ದರೆ ಲೆಕ್ಕ ಹಾಗೆ ಇಳಿಯುವುದಿಲ್ಲ. ರಷ್ಯಾದ ನೊವಾಯಾ ಝೆಮ್ಲ್ಯಾದ ಬೆಲೂಷ್ಯಾ ಗುಬಾ ಊರಿನ ಸುತ್ತ 2018ರ ಡಿಸೆಂಬರ್‌ನಿಂದ 52 ಕರಡಿಗಳು ಸೇರಿ, 2019ರ ಫೆಬ್ರವರಿಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಕಸದ ತಿಪ್ಪೆ ಅವನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತ್ತು. ಹಿಮವನ್ನು ಒಂದು ಊರು ವಾಪಸು ತರಲಾಗದು, ಕಸಕ್ಕೆ ಮುಚ್ಚಳ ಹಾಕಬಹುದು.

ಪ್ರಶ್ನೆ: ಸತ್ತ ಹಿಮಕರಡಿಯ ಮಾಂಸ ತಿಂದರೂ ಸಾಯುತ್ತಾರಂತೆ. ವಿಷವಿದೆಯೇ?

ಉತ್ತರ: ಯಕೃತ್ತಿನಲ್ಲಿ ವಿಟಮಿನ್ ಎ ವಿಷದ ಪ್ರಮಾಣದಲ್ಲಿದೆ. ಸೀಲ್‌ನ ಕೊಬ್ಬಿನಲ್ಲಿರುವುದೆಲ್ಲ ಅಲ್ಲಿ ಸೇರಿಕೊಳ್ಳುತ್ತದೆ. 1940ರ ದಶಕದ ಪರೀಕ್ಷೆಗಳಲ್ಲಿ ಗ್ರಾಂ ಒಂದಕ್ಕೆ 13,000ದಿಂದ 18,000 ಯೂನಿಟ್ ಕಂಡುಬಂತು. ವಯಸ್ಕರಿಗೆ ದಿನಕ್ಕೆ ಮೀರಬಾರದೆಂದು ಹೇಳುವ ಮಿತಿಯೇ 10,000. ಅಂದರೆ ಒಂದು ಗ್ರಾಂ ಚೂರು ಆ ಮಿತಿಯನ್ನು ದಾಟಿಸುತ್ತದೆ. ತಲೆನೋವು, ವಾಂತಿ, ಮಂಪರು, ಆಮೇಲೆ ಚರ್ಮ ಸುಲಿಯುವುದು ಇದರ ಲಕ್ಷಣಗಳು. 1596-97ರ ಚಳಿಗಾಲವನ್ನು ನೊವಾಯಾ ಝೆಮ್ಲ್ಯಾದಲ್ಲಿ ಕಳೆದ ಡಚ್ ನಾವಿಕ ವಿಲೆಮ್ ಬಾರೆಂಟ್ಸ್‌ನ ತಂಡದವರು ಇದನ್ನು ತಿಂದು ಕಾಯಿಲೆ ಬಿದ್ದರು. ಮೂವರ ಚರ್ಮ ಅಡಿಯಿಂದ ಮುಡಿಯವರೆಗೆ ಕಿತ್ತು ಬಂತೆಂದು ಅವರ ದಿನಚರಿಯಲ್ಲಿದೆ. ಧ್ರುವ ಪ್ರದೇಶದ ಮೂಲನಿವಾಸಿಗಳಾದ ಇನ್ಯೂಟ್ ಜನ ಯಕೃತ್ತನ್ನು ತಿನ್ನದಿರುವುದು ಹಳೆಯ ಪದ್ಧತಿ. ಬೇಯಿಸಿದರೆ ವಿಟಮಿನ್ ಹೋಗುವುದಿಲ್ಲ.

ಮಾಂಸದ ತೊಂದರೆ ಬೇರೆ. ಅದರಲ್ಲಿ ಟ್ರೈಕಿನೆಲ್ಲಾ ಎಂಬ ಸೂಕ್ಷ್ಮ ಹುಳುವಿನ ಮರಿಗಳು ಆಗಾಗ ಇರುತ್ತವೆ, ಹಸಿ ಅಥವಾ ಅರೆಬೆಂದ ಮಾಂಸದಿಂದ ಮನುಷ್ಯನ ಸ್ನಾಯುಗಳಿಗೆ ಹರಡುತ್ತವೆ. ಹಂದಿ ಮಾಂಸದ ಟ್ರೈಕಿನೆಲ್ಲಾ ಫ್ರೀಜರಿನಲ್ಲಿ ಕೆಲವು ವಾರ ಇಟ್ಟರೆ ಸಾಯುತ್ತದೆ. ಧ್ರುವ ಪ್ರದೇಶದ ತಳಿ ಚಳಿಗೆ ಹೊಂದಿಕೊಂಡದ್ದು, ಗಡ್ಡೆ ಕಟ್ಟಿಸಿ ಇಟ್ಟರೂ ಬದುಕಿರುತ್ತದೆ. ಒಳಗಿನ ತಿರುಳು 71 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ, ಕೆಂಪು ಎಲ್ಲೂ ಉಳಿಯದಂತೆ ಬೇಯಿಸಬೇಕು.